ಆಪರೇಷನ್ ಆದವರಿಗೆ ‘ತಡ್ಕೋ’ ಅನ್ನಬೇಡಿ

ನಿನ್ನೆ ಚಿಕ್ಕಮ್ಮನ ಮಗನನ್ನು ನೋಡಿ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಟಾನ್ಸಿಲ್ ತೆಗೆಸಿ ಐದನೇ ದಿನ. ಮೂವತ್ತು ದಾಟಿದ ಹುಡುಗ, ಎಂಜಲು ನುಂಗಲೂ ಆಗದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದ. ಮಾತ್ರೆ ಕೊಟ್ರಾ ಅಂದರೆ, “ತೀರಾ ಜಾಸ್ತಿ ಆದ್ರೆ ಕೊಡ್ತೀವಿ, ಪೇನ್ ಕಿಲ್ಲರ್ ಉಷ್ಣ ಅಲ್ವಾ? ಸ್ವಲ್ಪ ತಡ್ಕೋಬೇಕಪ್ಪ” ಅಂದರು ಮನೆಯವರು.

ಯಾಕೆ ತಡ್ಕೋಬೇಕು? ನಾನೂ ಮದುವೆಯಾದ ಮೇಲೆ ಟಾನ್ಸಿಲ್ ತೆಗೆಸಿಕೊಂಡವಳು. ನನಗೂ ಎಲ್ಲರೂ ಇದನ್ನೇ ಹೇಳಿದ್ದರು. ರಾತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮಕ್ಕಳು ಬೇಗ ಎದ್ದು ಓಡಾಡುತ್ತಾರೆ, ನಿಜ. ದೊಡ್ಡವರಿಗೆ ಎರಡು ವಾರ ಹಿಡಿಯುತ್ತದೆ. ಮೊದಲ ದಿನಕ್ಕಿಂತ 3ರಿಂದ 7ನೇ ದಿನದವರೆಗೆ ನೋವು ಜಾಸ್ತಿ. ಗಾಯದ ಮೇಲಿನ ಬಿಳಿ ಪದರ ಕಳಚುವಾಗ ಮತ್ತೆ ಏರಬಹುದು. ಕಿವಿಯೂ ಸಿಡಿಯುತ್ತದೆ. ಟಾನ್ಸಿಲ್ ಜಾಗಕ್ಕೂ ಕಿವಿಗೂ ಒಂದೇ ನರ ಹೋಗುವುದರಿಂದ ಹಾಗಾಗುತ್ತದೆ. ಕಿವಿಗೆ ಎಣ್ಣೆ ಬಿಡಬೇಡಿ.

ಮಾತ್ರೆಯನ್ನು ಗಡಿಯಾರ ನೋಡಿ ಕೊಡಬೇಕು, ಮುಖ ನೋಡಿ ಅಲ್ಲ. ನೋವು ನೆತ್ತಿಗೇರಿದ ಮೇಲೆ ಇಳಿಸುವುದು ಕಷ್ಟ. ಸಾಮಾನ್ಯವಾಗಿ ಪ್ಯಾರಸಿಟಮಾಲ್ ಅನ್ನು ಆರು ಗಂಟೆಗೊಮ್ಮೆ ಬರೆದಿರುತ್ತಾರೆ. ದೊಡ್ಡವರಿಗೆ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು. ಜೊತೆಗೆ ಐಬುಪ್ರೊಫೆನ್ ಬರೆದಿದ್ದರೆ ಅದನ್ನೂ ಹೊತ್ತಿಗೆ ಸರಿಯಾಗಿ ಕೊಡಿ. ಗಂಟಲು ಒಣಗಿ ಬೆಳಗಿನ ಜಾವ ಪ್ರಾಣ ಹೋದಂತಾಗುತ್ತದೆ, ಹಾಗಾಗಿ ರಾತ್ರಿಯೂ ಎಬ್ಬಿಸಿ ಕೊಡಿ. ಪ್ಯಾರಸಿಟಮಾಲ್ ಕೊಟ್ಟು ಅರ್ಧ ಗಂಟೆ ಬಿಟ್ಟು ಹುಳಿಯಿಲ್ಲದ ಮೊಸರನ್ನವೋ ತಣ್ಣಗಿನ ರಾಗಿ ಗಂಜಿಯೋ ಕೊಟ್ಟರೆ ನುಂಗುತ್ತಾರೆ.

“ಕಿಡ್ನಿ ಹೋಗುತ್ತೆ” ಅಂತ ಒಬ್ಬರು ಹೇಳಿದರು. ಕಿಡ್ನಿ ತೊಂದರೆ, ಅಲ್ಸರ್ ಇದ್ದವರಿಗೆ ಐಬುಪ್ರೊಫೆನ್ ಆಗದು, ಅದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಆದರೆ ಇವನಿಗೆ ಅಂಥದ್ದೇನೂ ಇಲ್ಲ. ಎಲ್ಲ ಪರೀಕ್ಷೆ ಮಾಡಿಸಿಯೇ ಡಾಕ್ಟರ್ ಬರೆದ ಮಾತ್ರೆ ಅದು. ಬೀರುವಿನಲ್ಲಿ ಇಡೋದಕ್ಕೆ ಬರೆದಿದ್ದಲ್ಲ. ನೋವಿಗೆ ಹೆದರಿ ಅವನು ನೀರೇ ಕುಡಿಯುತ್ತಿಲ್ಲ. ನೀರಿಲ್ಲದೆ ಗಂಟಲು ಒಣಗುತ್ತದೆ, ನೋವು ಇನ್ನೂ ಏರುತ್ತದೆ. ಕಿಡ್ನಿಗೆ ಹೆದರುವವರು ಮೊದಲು ಇದಕ್ಕೆ ಹೆದರಬೇಕು.

ಮತ್ತೆ ರಕ್ತಕ್ಕೆ. ವಾರ ಕಳೆದ ಮೇಲೂ ಬರಬಹುದು. ಉಗುಳಿನಲ್ಲಿ ಕೆಂಪು ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.