ಡೆಸ್ಕಿಗೆ ದಾನಿ ಸಿಗ್ತಾರೆ, ಟೀಚರ್ ಸಂಬಳಕ್ಕೆ ಸಿಗಲ್ಲ

2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು, ನೆನಪಿದೆಯಾ? ಸರ್ಕಾರಿ ಶಾಲೆ ಮಕ್ಕಳ ಪೋಷಕರಿಂದ ಎಸ್‌ಡಿಎಂಸಿಯವರು, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯವರು, ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ. ಕಡ್ಡಾಯವಲ್ಲ, ಇಷ್ಟವಿದ್ದವರು ಕೊಡಲಿ ಎಂದೂ ಹೇಳಿದ್ದರು. ಕೂಲಿಗೆ ಹೋಗುವ ಅಪ್ಪ ಅಮ್ಮನಿಗೆ, ಮೇಷ್ಟ್ರು ಬಾಯಿಬಿಟ್ಟು ಕೇಳಿದ ಮೇಲೆ, ಇಷ್ಟ ಎಲ್ಲಿಂದ ಉಳಿಯುತ್ತೆ? ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸ್ ಹೋಯಿತು. ಗೆದ್ದೆವು ಅಂದುಕೊಂಡು ನಾವೂ ಸುಮ್ಮನಾದೆವು.

ಸುತ್ತೋಲೆ ಹೋಯಿತು. ಅದು ಹುಟ್ಟಿದ ಕಾರಣ ಮಾತ್ರ ಶಾಲೆಯಲ್ಲೇ ಉಳಿದಿದೆ. ಮೂವತ್ತು ದಾಟಿ ನೂರರೊಳಗೆ ಮಕ್ಕಳಿರುವ ಸಾಧಾರಣ ಹಳ್ಳಿ ಶಾಲೆಯೊಂದಕ್ಕೆ ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ಸಿಗುವ ಶಾಲಾ ಅನುದಾನ ವರ್ಷಕ್ಕೆ 25 ಸಾವಿರ. ನೂರು ದಾಟಿದರೆ 250 ಮಕ್ಕಳವರೆಗೆ 50 ಸಾವಿರ. ಅಂದರೆ ಸಣ್ಣ ಶಾಲೆಗೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಸೀಮೆಸುಣ್ಣ, ರಿಜಿಸ್ಟರ್, ಫಿನಾಯಿಲ್, ಮುರಿದ ನಲ್ಲಿ, ಹಾರಿಹೋದ ಹೆಂಚು, ಸ್ವಾತಂತ್ರ್ಯ ದಿನದ ಮಿಠಾಯಿ, ಎಲ್ಲ ಅದರಲ್ಲೇ ಆಗಬೇಕು. 2018ರಲ್ಲಿ ಸಮಗ್ರ ಶಿಕ್ಷಣ ಶುರುವಾದಾಗಲೂ 100 ದಾಟಿದ ಶಾಲೆಗೆ ಇದೇ 50 ಸಾವಿರ. ಅನುದಾನ ಕಡಿತ ಮಾಡೋಕೆ ಅಂಕಿ ಇಳಿಸಲೇಬೇಕು ಅಂತೇನಿಲ್ಲ. ಬೆಲೆ ಏರುವಾಗ ಅಂಕಿಯನ್ನು ಅಲ್ಲೇ ಬಿಟ್ಟರೂ ಸಾಕು.

ಬಿಸಿಯೂಟದ ಮೊಟ್ಟೆಯ ಕಥೆ ನೋಡಿ. 2024ರಲ್ಲಿ ಒಂದು ಮೊಟ್ಟೆಗೆ ಇಟ್ಟಿದ್ದ ದುಡ್ಡು 6 ರೂಪಾಯಿ. ಅದರಲ್ಲಿ ಮೊಟ್ಟೆ ಕೊಳ್ಳೋಕೆ 5 ರೂಪಾಯಿ 20 ಪೈಸೆ, ಬೇಯಿಸುವ ಖರ್ಚಿಗೆ 50 ಪೈಸೆ, ಸಿಪ್ಪೆ ಸುಲಿಯುವವರಿಗೆ 30 ಪೈಸೆ. ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುವವರಿಗೆ ಅಂಗಡಿಯಲ್ಲಿ ಮೊಟ್ಟೆಯ ದರ ಏರಿದ್ದು ಮಾತ್ರ ಕಾಣಿಸಲ್ಲ. ಆ ವ್ಯತ್ಯಾಸ ಹೆಡ್‌ಮಾಸ್ಟರ ಜೇಬಿನಿಂದ ಹೋಗುತ್ತೆ. ಇದಕ್ಕೆ ಯಾವ ನಾಮಫಲಕವೂ ಇಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿದ್ದರಿಂದ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನ ಆಯಿತು. ಒಳ್ಳೆಯದೇ. ಮಕ್ಕಳ ತಟ್ಟೆಗೆ ಮೊಟ್ಟೆ ಬಿದ್ದಿದ್ದಕ್ಕೆ ತಕರಾರು ಮಾಡುವಷ್ಟು ದೊಡ್ಡವನು ನಾನಲ್ಲ. ಆದರೆ ಆರರಲ್ಲಿ ನಾಲ್ಕು ದಿನದ ಮೊಟ್ಟೆ ದಾನಿಯದು. ಮೂರು ವರ್ಷ ಮುಗಿದ ಮೇಲೆ ಆ ನಾಲ್ಕು ದಿನ ಏನು ಕೊಡಬೇಕು ಅನ್ನೋದಕ್ಕೆ ಬಜೆಟ್‌ನಲ್ಲೇ ಉತ್ತರ ಇರಬೇಕಲ್ವಾ?

ನನ್ನ ತಕರಾರು ದಾನಿಗಳ ಮೇಲಲ್ಲ. ನಾನೂ ನಮ್ಮೂರ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಇದ್ದೇನೆ. ಕೈಲಾದಷ್ಟು ಹಾಕಿದ್ದೇನೆ. ಡೆಸ್ಕು ಕೊಡಿಸಿದೆವು, ಸುಣ್ಣಬಣ್ಣ ಮಾಡಿಸಿದೆವು. ಪ್ರೊಜೆಕ್ಟರ್ ಕೊಡಿಸಿದೆವು, ಅದು ಬಹುಪಾಲು ಕಪಾಟಿನಲ್ಲೇ ಇರುತ್ತೆ. ಫೋಟೋ ಹಾಕಿದೆವು, ಹಾರ್ಟ್ ಒತ್ತಿದೆವು. ಇದಕ್ಕೆಲ್ಲ ದುಡ್ಡು ಒಂದೇ ವಾರದಲ್ಲಿ ಸೇರುತ್ತೆ. ಶಾಲೆಗೆ ನಿಜಕ್ಕೂ ಬೇಕಿದ್ದಿದ್ದು ಇಂಗ್ಲಿಷ್ ಹೇಳಿಕೊಡೋಕೆ ಒಬ್ಬರು ಗೌರವ ಶಿಕ್ಷಕಿ, ಶೌಚಾಲಯ ತೊಳೆಯೋಕೆ ಒಬ್ಬರು. ಅದು ತಿಂಗಳು ತಿಂಗಳು ಕೊಡಬೇಕಾದ ದುಡ್ಡು. ಜೂನ್‌ನಲ್ಲಿ ಎಲ್ಲರಿಗೂ ಉತ್ಸಾಹ. ದೀಪಾವಳಿ ಹೊತ್ತಿಗೆ ನೆನಪು ಮಾಡಬೇಕು. ಸಂಕ್ರಾಂತಿ ಹೊತ್ತಿಗೆ ಫೋನೇ ಎತ್ತಲ್ಲ. ಡೆಸ್ಕಿನ ಮೇಲೆ ಅಪ್ಪನ ಹೆಸರು ಬರೆಸಬಹುದು. ಶೌಚಾಲಯ ತೊಳೆದ ಸಂಬಳದ ಮೇಲೆ ಯಾರ ಹೆಸರು ಬರೆಸೋದು?

ಇನ್ನೊಂದು, ಎಲ್ಲ ಶಾಲೆಗೂ ಇಂಥ ಗುಂಪೇ ಇರಲ್ಲ. ಬೆಂಗಳೂರು, ಮುಂಬೈ, ದುಬೈ ಅಂತ ಹೋಗಿ ನೆಲೆ ನಿಂತವರು ಇರುವ ಊರಿನ ಶಾಲೆಗೆ ವ್ಯಾನೂ ಬರುತ್ತೆ. ದಕ್ಷಿಣ ಕನ್ನಡ, ಉಡುಪಿ ಕಡೆ ಅಂಥ ಶಾಲೆಗಳಿವೆ. ಓದಿದವರೆಲ್ಲ ಗುಳೆ ಹೋದ ಊರಿನ ಶಾಲೆಗೆ ಯಾರು ಕೊಡ್ತಾರೆ? ಕಂಪನಿಗಳ ಸಿಎಸ್‌ಆರ್ ದುಡ್ಡಿನ ಕಥೆಯೂ ಅಷ್ಟೇ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವಿರುವ ಜಾಗದ ಸುತ್ತಮುತ್ತ ಮೊದಲು ನೋಡಿ ಅಂತಲೂ ಅದೇ ಕಾಯ್ದೆ ಹೇಳುತ್ತೆ. ಕಂಪನಿಗಳು ಇರೋದು ಬೆಂಗಳೂರಲ್ಲಿ. ಯಾದಗಿರಿಯ ಶಾಲೆ ಯಾರ ಸುತ್ತಮುತ್ತ ಬರುತ್ತೆ? ದಾನ ಜಾಸ್ತಿಯಾದಷ್ಟೂ ಒಂದು ಸರ್ಕಾರಿ ಶಾಲೆಗೂ ಇನ್ನೊಂದು ಸರ್ಕಾರಿ ಶಾಲೆಗೂ ಅಂತರ ಜಾಸ್ತಿಯಾಗುತ್ತೆ. ಸರ್ಕಾರದ ದುಡ್ಡು ಇರೋದೇ ಆ ಅಂತರ ತುಂಬೋಕೆ.

ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರ ವಿಷಯ ಓದಿರ್ತೀರಿ. ತಮ್ಮ ಎರಡು ಎಕರೆ ಜಮೀನನ್ನು ಸರ್ಕಾರಿ ಶಾಲೆಗೆ ಬಿಟ್ಟುಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ ತಾಯಿ. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಕೈಮುಗಿಯಬೇಕು. ಆದರೆ ಜಮೀನು ಕೊಟ್ಟವರೇ ಅಲ್ಲಿ ಪುಡಿಗಾಸಿನ ಗೌರವಧನಕ್ಕೆ ಒಲೆ ಮುಂದೆ ನಿಂತಿದ್ದು ನಮಗೆ ವಿಚಿತ್ರ ಅನ್ನಿಸಲೇ ಇಲ್ಲವಲ್ಲ, ಅದು ನನ್ನನ್ನು ಕಾಡುತ್ತೆ.

ಹರೇಕಳ ಹಾಜಬ್ಬ ಅವರದ್ದು ಇನ್ನೂ ಗೊತ್ತಿರುವ ಕಥೆ. ಮಂಗಳೂರಲ್ಲಿ ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು, ಪದ್ಮಶ್ರೀ ಬಂತು. ನಾವು ಭಾಷಣದಲ್ಲಿ ಕಿತ್ತಳೆ ಬುಟ್ಟಿಯನ್ನಷ್ಟೇ ಹೇಳ್ತೀವಿ. ಅವರು ಆ ಶಾಲೆಗಾಗಿ ಕಚೇರಿ ಕಚೇರಿ ಅಲೆದಿದ್ದು, ಅಧಿಕಾರಿಗಳನ್ನೂ ಜನಪ್ರತಿನಿಧಿಗಳನ್ನೂ ಬೆನ್ನುಬಿಡದೆ ಕೇಳಿದ್ದು ಯಾಕೋ ಯಾರ ಬಾಯಲ್ಲೂ ಬರಲ್ಲ. ದುಡ್ಡೂ ಕೊಟ್ಟರು, ಸರ್ಕಾರವನ್ನೂ ಬಿಡಲಿಲ್ಲ. ನಮ್ಮ ಗುಂಪುಗಳು ಮೊದಲನೆಯದನ್ನು ಮಾತ್ರ ಕಲಿತಿವೆ.

‘ಸರ್ಕಾರ ಕೊಡೋವರೆಗೂ ಕಾಯ್ತಾ ಕೂತರೆ ಈಗಿರೋ ಮಕ್ಕಳ ಗತಿ ಏನಪ್ಪಾ?’ ಅಂತ ಗೆಳೆಯನೊಬ್ಬ ಕೇಳಿದ. ಸರಿಯಾದ ಪ್ರಶ್ನೆ. ಕಾಯಬೇಡಿ, ಕೊಡಿ. ಆದರೆ ಕೇಳೋದನ್ನು ಬಿಡಬೇಡಿ. ಶಾಲೆಯ ಕರೆಂಟ್ ಬಿಲ್ಲಿಗೆ ಹೆಡ್‌ಮಾಸ್ಟರುಗಳು ಎಷ್ಟು ವರ್ಷ ಪರದಾಡಿದರು! ಕೂಗಿ ಕೂಗಿ ಕೊನೆಗೆ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಿಸಿದರು. ದಾನಿಗಳೇ ಸದ್ದಿಲ್ಲದೆ ಬಿಲ್ ಕಟ್ಟಿಕೊಂಡು ಹೋಗಿದ್ದರೆ ಅದೂ ಆಗ್ತಿರಲಿಲ್ಲ.

ಇದಕ್ಕೆ ಕಾನೂನೇ ದಾರಿ ಇಟ್ಟಿದೆ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿ, ಅಂದರೆ ನಮ್ಮಲ್ಲಿ ಎಸ್‌ಡಿಎಂಸಿ, ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕು. ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು. ಎಷ್ಟು ಊರಲ್ಲಿ ಪೋಷಕರು ಆ ಕಾಗದ ನೋಡಿದ್ದಾರೆ? ಹೋದ ವರ್ಷದ್ದನ್ನೇ ನಕಲು ಮಾಡಿ ಸಹಿ ಹಾಕಿಸಿಕೊಳ್ಳೋದು ಹೊಸದೇನಲ್ಲ.

ಅದಕ್ಕೇ ನಮ್ಮ ಗುಂಪಿನಲ್ಲಿ ಒಂದು ಮಾತು ಇಟ್ಟಿದ್ದೇನೆ. ಇನ್ನು ಮುಂದೆ ಏನೇ ಕೊಟ್ಟರೂ ಎಸ್‌ಡಿಎಂಸಿ ಸಭೆಯಲ್ಲಿ ಒಂದು ನಡಾವಳಿ ಬರೆಸಬೇಕು: ಇದು ಇಲಾಖೆ ಕೊಡಬೇಕಿದ್ದದ್ದು, ಇಂಥ ದಿನ ಕೇಳಿದ್ದೆವು, ಬರಲಿಲ್ಲ, ಹಾಗಾಗಿ ಊರವರು ಇಷ್ಟು ರೂಪಾಯಿ ಹಾಕಿದ್ದಾರೆ. ಒಂದು ಪ್ರತಿ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ, ಒಂದು ಜಿಲ್ಲೆಯ ಉಪನಿರ್ದೇಶಕರಾದ ಡಿಡಿಪಿಐಗೆ, ಒಂದು ಶಾಸಕರಿಗೆ. ಹಾರ ಹಾಕೋಕೆ ಶಾಸಕರನ್ನು ಕರೆಯುವಾಗ ಆ ಪ್ರತಿಯನ್ನೂ ಕೈಗೆ ಕೊಟ್ಟುಬಿಡೋದು.

‘ಸುಮ್ನೆ ರಾಜಕೀಯ ಯಾಕೆ, ದುಡ್ಡು ಕೊಟ್ಟು ಪುಣ್ಯ ಕಟ್ಕೊಳ್ಳೋಣ’ ಅಂತ ಇಬ್ಬರು ಬರೆದರು. ಮೂರನೆಯವರು ಬರೀ ಒಂದು ಹೆಬ್ಬೆರಳು ಒತ್ತಿದರು. ಅದು ನನಗೋ, ಅವರಿಗೋ ಗೊತ್ತಾಗಲಿಲ್ಲ. ಟೀಚರ್ ಗೌರವಧನದ ಪಾಲು ಈ ತಿಂಗಳೂ ಹಾಕಿದ್ದೇನೆ. ನಡಾವಳಿಯ ಕರಡನ್ನೂ ಬರೆದು ಎಸ್‌ಡಿಎಂಸಿ ಅಧ್ಯಕ್ಷರಿಗೆ ಕಳಿಸಿದ್ದೇನೆ. ಬೇಕಿದ್ದವರು ಕೇಳಿ, ಕೊಡ್ತೀನಿ. ಊರಿನ ಹೆಸರು ಬದಲಿಸಿಕೊಂಡರೆ ಸಾಕು.