ಅಜ್ಜನ ಕಾರ್ಡು ಮೆಡಿಕಲ್‌ನಲ್ಲಿ ಯಾಕೆ ನಡೆಯಲಿಲ್ಲ?

ಇವತ್ತು ಶಿವಮೊಗ್ಗದ ದುರ್ಗಿಗುಡಿಯ ಒಂದು ಮೆಡಿಕಲ್ ಶಾಪಿನಲ್ಲಿ ಕಂಡಿದ್ದಕ್ಕೆ ಇನ್ನೂ ಹೊಟ್ಟೆ ಉರೀತಿದೆ. ಹೊಸನಗರ ಕಡೆಯ ಅಜ್ಜ ಒಬ್ಬರು ಪ್ಲಾಸ್ಟಿಕ್ ಕವರಿನಿಂದ ಇನ್ಶೂರೆನ್ಸ್ ಕಾರ್ಡು ತೆಗೆದು, ಬಿಪಿ-ಶುಗರ್ ಚೀಟಿ ಜೊತೆ ಕೌಂಟರ್ ಮೇಲಿಟ್ಟರು. ಅಂಗಡಿ ಹುಡುಗ ಮೆಲ್ಲಗೆ ಹೇಳಿದ: "ಅಜ್ಜಾ, ಇದು ಅಡ್ಮಿಟ್ ಆದ್ರೆ ಮಾತ್ರ ನಡೆಯೋದು." ಅಜ್ಜ ಕಾರ್ಡನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ತಿಂಗಳ ಮಾತ್ರೆ ಕೇಳಿದ್ದವರು ಹತ್ತು ದಿನದ್ದು ಸಾಕು ಅಂದರು.

ಆ ಪಾಲಿಸಿ ಮಾರಿದವರು ಅವರಿಗೆ ಏನು ಹೇಳಿರಬೇಕು? "ಎಲ್ಲಾ ಬರುತ್ತೆ" ಅಂದಿರ್ತಾರೆ. ಎಲ್ಲಾ ಬರಲ್ಲ! ಸಾಮಾನ್ಯ ಪಾಲಿಸಿ ನೋಡ್ಕೊಳ್ಳೋದು ಆಸ್ಪತ್ರೆಗೆ ಸೇರಿದಾಗಿನ ಖರ್ಚು. ಅಲ್ಲಿ ಕೊಟ್ಟ ಔಷಧಿ ಅದರಲ್ಲಿ ಸೇರುತ್ತೆ. ಜೊತೆಗೆ ಅದೇ ಕಾಯಿಲೆಗೆ ಅಡ್ಮಿಟ್ ಆಗೋ ಮುಂಚೆ, ಡಿಸ್ಚಾರ್ಜ್ ಆದ ಮೇಲೆ ತಗೊಂಡ ಔಷಧಿಯೂ ಸಿಗುತ್ತೆ; ಬಹಳಷ್ಟು ಪಾಲಿಸಿಗಳಲ್ಲಿ ಮುಂಚಿನ 30 ದಿನ, ಆಮೇಲಿನ 60 ದಿನ. ಮನೇಲಿ ಕೂತು ದಿನಾ ನುಂಗೋ ಮಾತ್ರೆಗೆ ಒಪಿಡಿ ಕವರ್, ಅಂದ್ರೆ ಅಡ್ಮಿಟ್ ಆಗದೆ ತಗೊಳ್ಳೋ ಚಿಕಿತ್ಸೆಯ ವಿಮೆ, ಬೇರೆ ಇರಬೇಕು. ಆಯುಷ್ಮಾನ್ ಕಾರ್ಡಿನಲ್ಲೂ ಅಷ್ಟೇ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ.

ನಮ್ಮ ಅಪ್ಪಯ್ಯನಿಗೆ ಸ್ಟೆಂಟ್ ಹಾಕಿಸಿದಾಗ ಈ 60 ದಿನದ ವಿಷಯ ಏಜೆಂಟೂ ಹೇಳಲಿಲ್ಲ, ಆಸ್ಪತ್ರೆಯವರೂ ಹೇಳಲಿಲ್ಲ. ಹೇಳಿದ್ದು ಪಕ್ಕದ ಮನೆಯ ನಿವೃತ್ತ ಬ್ಯಾಂಕಿನವರು. "ಡಾಕ್ಟರ ಚೀಟಿ, ಹೆಸರು ಬರೆಸಿದ ಬಿಲ್ಲು, ಎರಡೂ ಎತ್ತಿಡು ಮಾರಾಯ" ಅಂದರು. ಹಾಗೆ ಮಾಡಿದ್ದಕ್ಕೇ ದುಡ್ಡು ಕೈಗೆ ಬಂತು. ಹೀಗೆ ಹೇಳೋರು ಇಲ್ಲದ ಮನೆಗಳ ಗತಿ ಏನು?

ಓದದೆ ಸಹಿ ಹಾಕಿದ್ದು ಯಾರು ಅಂತ ಕೇಳ್ತೀರಾ? ತೋಟ-ಗದ್ದೆ ನೋಡ್ಕೊಂಡಿರೋ ಮನುಷ್ಯ ಇಂಗ್ಲಿಷಿನ ಅಷ್ಟುದ್ದ ಕಾಗದ ಓದಬೇಕಾ? ಪಾಲಿಸಿಯ ಸಾರಾಂಶವನ್ನ ಕೇಳಿದವರಿಗೆ ಅವರ ಭಾಷೆಯಲ್ಲೇ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಇದೆ, 2024ರ ಜನವರಿಯಿಂದ. ನಮ್ಮೂರಲ್ಲಿ ಎಷ್ಟು ಜನರ ಕೈಗೆ ಕನ್ನಡದ ಹಾಳೆ ಬಂದಿದೆ ಹೇಳಿ! ಇನ್ನು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡದೆ ಮೂರು ವರ್ಷದವರೆಗೂ ಕಾಯಿಸಬಹುದು ಅನ್ನೋದನ್ನ ಶುಗರ್ ಇರೋರ ಮುಂದೆ ಯಾರೂ ಬಾಯಿ ಬಿಡಲ್ಲ.

ಹೊಸ ಪಾಲಿಸಿ ಕೈಗೆ ಬಂದು 30 ದಿನ ಆಗಿಲ್ಲ ಅಂದ್ರೆ ವಾಪಸ್ ಕೊಡೋ ಅವಕಾಶ ಇದೆ. ಅಪ್ಪ-ಅಮ್ಮನ ಪಾಲಿಸಿ ಅರ್ಥ ಆಗದಿದ್ರೆ ನಂಬರ್ ಮುಚ್ಚಿ ಫೋಟೋ ಇನ್‌ಬಾಕ್ಸಿಗೆ ಹಾಕಿ. ರಾತ್ರಿ ಕೂತು ಓದಿ ಹೇಳ್ತೀನಿ.