‘ಇವತ್ತು ಏನಿಲ್ಲ, ಸುಮ್ನೆ ಇಶ್ಯೂಸ್‌ಗೆ ಇದೆ’

ಸಾಕ್ಷಿ ಹೇಳುವ ದಿನ ಕಕ್ಷಿದಾರರು ತಪ್ಪದೆ ಬರುತ್ತಾರೆ. ತೀರ್ಪಿನ ದಿನವಂತೂ ಮನೆಮಂದಿಯೆಲ್ಲ ಬರುತ್ತಾರೆ. ವಿವಾದಾಂಶ, ಅಂದರೆ ‘ಇಶ್ಯೂಸ್’, ಬರೆಯುವ ದಿನ ಮಾತ್ರ ಯಾರೂ ಇರುವುದಿಲ್ಲ. ಅವರ ತಪ್ಪಲ್ಲ. ಮೇಲಿನ ಮಾತು ಹೇಳಿ ಬರಬೇಡಿ ಅಂದಿರುವವರು ನಾವು ವಕೀಲರೇ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಒಂದು ಮುಖ್ಯ ಸಂಗತಿಯನ್ನು ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಅಲ್ಲ ಅಂತಾರೆ. ಅಲ್ಲೊಂದು ವಿವಾದಾಂಶ, ಅಂದರೆ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆ, ಹುಟ್ಟಿತು. ದಾವೆ ಹಾಕಿದವರ ವಾದಪತ್ರ, ಎದುರು ಕಡೆಯವರ ಲಿಖಿತ ಹೇಳಿಕೆ ಓದಿ, ಎರಡೂ ಕಡೆಯವರನ್ನು ಕೇಳಿ ನ್ಯಾಯಾಧೀಶರು ಅದನ್ನು ಬರೆಯಬೇಕು ಅನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 14ನೇ ಆದೇಶ. ಆಮೇಲೆ ಸಾಕ್ಷ್ಯ, ವಾದ, ತೀರ್ಪು ಎಲ್ಲ ಆ ಪ್ರಶ್ನೆಗಳ ಹಿಂದೆಯೇ ಹೋಗುತ್ತವೆ.

ಕೆಲವು ವರ್ಷಗಳ ಹಿಂದೆ, ತಮ್ಮನೊಬ್ಬ ಅಣ್ಣನ ಮೇಲೆ ಹಾಕಿದ್ದ ಒಂದು ಪಾಲಿನ ದಾವೆ ಅರ್ಧದಲ್ಲಿ ನನ್ನ ಕೈಗೆ ಬಂತು. ‘ಭಾಗ ಎಂದೋ ಆಗಿದೆ’ ಅನ್ನುವುದು ಅಣ್ಣನ ತಕರಾರು. ಕಡತದಲ್ಲಿದ್ದ ವಿವಾದಾಂಶ ಹೀಗಿತ್ತು: ‘ಈ ಹಿಂದೆ ವಿಭಾಗ ಆಗಿಲ್ಲವೆಂದು ವಾದಿಯು ರುಜುವಾತುಪಡಿಸುವರೇ?’ ನೋಡಿ, ಭಾಗ ಆಗಿದೆ ಅಂದವನು ಅಣ್ಣ. ಒಟ್ಟು ಕುಟುಂಬ ಒಡೆದಿದೆ ಅನ್ನುವವರೇ ಅದನ್ನು ತೋರಿಸಬೇಕು. ಆಗದೇ ಇರುವುದನ್ನು ಆ ತಮ್ಮ ಯಾವ ಕಾಗದ ತಂದು ತೋರಿಸಬೇಕು? ಆ ಒಂದು ಸಾಲಿನಿಂದ ಇಡೀ ಭಾರ ಅವನ ತಲೆಗೆ ಬಿದ್ದಿತ್ತು. ಅದೇ 14ನೇ ಆದೇಶದ 5ನೇ ನಿಯಮದ ಪ್ರಕಾರ ಡಿಕ್ರಿ ಆಗುವ ಮೊದಲು ಯಾವಾಗ ಬೇಕಾದರೂ ವಿವಾದಾಂಶ ತಿದ್ದಬಹುದು. ಅರ್ಜಿ ಹಾಕಿದೆ, ತಿದ್ದುಪಡಿಯೂ ಆಯ್ತು. ಆದರೆ ಸಾಕ್ಷಿಗಳನ್ನು ಮತ್ತೆ ಕರೆಸಬೇಕಾಯಿತು. ಅಷ್ಟರಲ್ಲಿ ಒಬ್ಬ ಹಿರಿಯ ಸಾಕ್ಷಿ ತೀರಿಕೊಂಡಿದ್ದರು.

ವಿಚಾರಣೆ ಯಾವ ದಾರಿಯಲ್ಲಿ ಸಾಗಬೇಕು ಅನ್ನುವುದು ವಿವಾದಾಂಶ ಬರೆಯುವ ದಿನವೇ ನಿಗದಿಯಾಗುತ್ತದೆ ಎಂದು ಮಖನ್ ಲಾಲ್ ಬಂಗಾಲ್ ಪ್ರಕರಣದಲ್ಲಿ 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ‘ಇಶ್ಯೂ ಬಿಟ್ಟುಹೋದರೂ ನಡೆಯುತ್ತೆ ಬಿಡಿ’ ಅನ್ನುವ ಗೆಳೆಯರಿದ್ದಾರೆ. ಹೌದು, ಎರಡೂ ಕಡೆಯವರಿಗೆ ವಿಷಯ ಗೊತ್ತಿದ್ದು, ಸಾಕ್ಷ್ಯವನ್ನೂ ಕೊಟ್ಟಿದ್ದರೆ ಅಷ್ಟಕ್ಕೇ ತೀರ್ಪು ಬಿದ್ದುಹೋಗುವುದಿಲ್ಲ. ಆದರೆ ಅದನ್ನು ಒಪ್ಪಿಸುವುದಕ್ಕೆ ಅಪೀಲಿನಲ್ಲಿ ಬಡಿದಾಡಬೇಕು. ಅಲ್ಲಿ ಹೊಸ ವಿವಾದಾಂಶ ಬರೆದು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದರೆ ಮತ್ತೆ ಸಾಕ್ಷಿ, ಮತ್ತೆ ವಾಯಿದೆ. ಎರಡೂ ಕಡೆಯ ವಕೀಲರು ಕರಡು ವಿವಾದಾಂಶ ಬರೆದು ಕೊಡುವುದಕ್ಕೆ ಎಷ್ಟು ಹೊತ್ತು ಬೇಕು? ಕೆಲಸದ ಒತ್ತಡದಲ್ಲಿರುವ ನ್ಯಾಯಾಧೀಶರೊಬ್ಬರ ಮೇಲೇ ಅದನ್ನು ಹಾಕಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಾನು ವಿವಾದಾಂಶದ ಹಾಳೆಯ ಜೆರಾಕ್ಸ್ ತೆಗೆದು ಕಕ್ಷಿದಾರರಿಗೆ ಕೊಡುತ್ತೇನೆ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಮೊನ್ನೆ ಒಬ್ಬ ರೈತರು ಪೂರ್ತಿ ಕೇಳಿಸಿಕೊಂಡು, ‘ಸಾರ್, ಇದರಲ್ಲಿ ನಮ್ಮ ಬಾವಿ ವಿಷ್ಯ ಎಲ್ಲಿದೆ?’ ಅಂದರು. ಮತ್ತೆ ಹಾಳೆ ನೋಡಿದೆ. ಬಾವಿ ನಿಜಕ್ಕೂ ಬಿಟ್ಟುಹೋಗಿತ್ತು. ಮುಂದಿನ ವಾಯಿದೆಗೇ ಅರ್ಜಿ ಹಾಕಿದೆವು.